ಜೋಡಿ ಕೂಡದ ಪ್ರೇಮಕಥೆಯನ್ನು ಹೇಗೆ ಕಟ್ಟುತ್ತಾರೆ?

ಕೊನೆಗೂ ನಾಯಕ, ನಾಯಕಿ ಒಂದಾಗಲಿಲ್ಲ. ಜನ ಬೇಜಾರು ಮಾಡಿಕೊಂಡೇ ಥೇಟರಿನಿಂದ ಹೊರಗೆ ಬಂದರು. ಆದರೆ ಅದೇ ಜನ ಮುಂದಿನ ವಾರ ಮನೆಯವರನ್ನೂ ಕರೆದುಕೊಂಡು ಅದೇ ಸಿನಿಮಾಕ್ಕೆ ಬಂದರು. 2006ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾದ ‘ಮುಂಗಾರು ಮಳೆ’ಗೆ ಆಗಿದ್ದು ಇದೇ. ಹುಡುಗಿಗೂ ಅವನ ಮೇಲೆ ಮನಸ್ಸಾಗಿದೆ, ಆದರೂ ಹುಡುಗ ತಾನೇ ಹಿಂದೆ ಸರಿಯುತ್ತಾನೆ. ಅಂಥ ಕಥೆ ಬೆಂಗಳೂರಿನಲ್ಲಿ ವರ್ಷ ದಾಟಿ ಓಡಿತು. ಅದರ ನಿರ್ದೇಶಕ ಯೋಗರಾಜ ಭಟ್ ಬೆಳೆದದ್ದು ನಮ್ಮ ಹಾವೇರಿ ಜಿಲ್ಲೆಯ ತಿಳವಳ್ಳಿಯಲ್ಲಿ.

ಈಗ ಹಳೆಯ ಪ್ರೇಮಚಿತ್ರಗಳು ಮತ್ತೆ ತೆರೆಗೆ ಬರುತ್ತಿವೆ. ಬೇರೆ ದೇಶದ, ಬೇರೆ ಭಾಷೆಯ ಸಿನಿಮಾಗಳು ಮೊಬೈಲಿನಲ್ಲೇ ಸಿಗುತ್ತವೆ. ಹಾಗಾಗಿ ಮೊದಲು ಸಿನಿಮಾ ಸಂಘಗಳಲ್ಲಷ್ಟೇ ಕೇಳುತ್ತಿದ್ದ ಪ್ರಶ್ನೆಯನ್ನು ಇವತ್ತು ಹುಬ್ಬಳ್ಳಿ–ಧಾರವಾಡದ ಸಿಟಿ ಬಸ್ಸಿನಲ್ಲೂ ಕೇಳಬಹುದು: ‘ಅವರಿಬ್ಬರನ್ನೂ ಕೂಡಿಸಿದ್ರ ಏನಾಗ್ತಿತ್ತು?’ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ಇಂಥ ಸಿನಿಮಾವನ್ನು ಒಳಗಿನಿಂದ ಹೇಗೆ ಕಟ್ಟಿರುತ್ತಾರೆ ಅಂತ ನೋಡಬೇಕು.

ಅದಕ್ಕಾಗಿ ಇಲ್ಲಿ ಒಂದು ಕೆಲಸ ಮಾಡೋಣ. ಇರುವ ಸಿನಿಮಾಗಳನ್ನು ಅಲ್ಲಲ್ಲಿ ನೆನೆಯುತ್ತಾ, ಜೊತೆಗೆ ಬ್ಯಾಡಗಿಯಲ್ಲಿ ನಡೆಯುವ ಒಂದು ಕಥೆಯನ್ನು ನಾವೇ ಕಟ್ಟೋಣ.

ಮೂರು ಥರದ ಕೊನೆ

ಸುಖಾಂತ್ಯ ಎಲ್ಲರಿಗೂ ಗೊತ್ತು. ಅಡ್ಡಿಗಳು ಕಳೆಯುತ್ತವೆ, ಜೋಡಿ ಕೂಡುತ್ತದೆ.

ದುರಂತವೂ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಊರೂರಲ್ಲಿ ಆಡುತ್ತಾ ಬಂದ ಸಂಗ್ಯಾ ಬಾಳ್ಯಾ ಸಣ್ಣಾಟವನ್ನೇ ತೆಗೆದುಕೊಳ್ಳಿ. ಸಂಗ್ಯಾನಿಗೆ ಈರಣ್ಣನ ಹೆಂಡತಿ ಗಂಗಾಳ ಮೇಲೆ ಮನಸ್ಸಾಗುತ್ತದೆ. ಜೀವದ ಗೆಳೆಯ ಬಾಳ್ಯಾನೇ ಕೈಕೊಡುತ್ತಾನೆ, ಸಂಗ್ಯಾನ ಕೊಲೆಯಾಗುತ್ತದೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಕೂಡ ಸಾವಿನಲ್ಲೇ ಮುಗಿಯುತ್ತದೆ. ಅಲ್ಲಿ ರಾಮಾಚಾರಿಗೂ ಮಾರ್ಗರೆಟ್‌ಗೂ ಮಧ್ಯೆ ಧರ್ಮದ ಗೋಡೆ ಇದೆ. ಆ ಗೋಡೆ ಅವರನ್ನು ಬದುಕಲು ಬಿಡುವುದಿಲ್ಲ.

ಮೂರನೆಯದು ಸಿಹಿಕಹಿ ಅಂತ್ಯ. ಇಲ್ಲಿ ಯಾರೂ ಸಾಯಬೇಕಿಲ್ಲ, ಯಾರೂ ಮೋಸ ಮಾಡಬೇಕಿಲ್ಲ. ಇಬ್ಬರೂ ಬದುಕಿರುತ್ತಾರೆ, ಪ್ರೀತಿಯೂ ಬದುಕಿರುತ್ತದೆ. ಜೊತೆಯಲ್ಲಿ ಬಾಳುವುದು ಮಾತ್ರ ಆಗುವುದಿಲ್ಲ. ನೋಡುವವರಿಗೆ ಒಂದು ಕಡೆ ನೋವು, ಇನ್ನೊಂದು ಕಡೆ ‘ಇದು ಹೀಗೇ ಆಗಬೇಕಿತ್ತು’ ಅನ್ನುವ ಸಮಾಧಾನ. ಎರಡೂ ಒಟ್ಟಿಗೇ ಬರುತ್ತವೆ.

ಇದು ಸಿನಿಮಾ ಬಂದ ಮೇಲೆ ಹುಟ್ಟಿದ ಯೋಚನೆಯೇನಲ್ಲ. ಭರತನ ನಾಟ್ಯಶಾಸ್ತ್ರ ಶೃಂಗಾರವನ್ನು ಎರಡು ಭಾಗ ಮಾಡುತ್ತದೆ. ಕೂಡಿದ ಪ್ರೇಮಿಗಳದ್ದು ಸಂಭೋಗ ಶೃಂಗಾರ, ಅಗಲಿದವರದ್ದು ವಿಪ್ರಲಂಭ ಶೃಂಗಾರ. ಅಗಲಿಕೆಯಲ್ಲಿ ಅಳು ಇದ್ದೇ ಇರುತ್ತದೆ. ಹಾಗಾದರೆ ಅದನ್ನು ಕರುಣ ರಸ ಅಂತ ಯಾಕೆ ಕರೆಯಬಾರದು? ಭರತ ಈ ಪ್ರಶ್ನೆಯನ್ನು ಎತ್ತಿಕೊಂಡು ಉತ್ತರವನ್ನೂ ಕೊಡುತ್ತಾನೆ. ಕರುಣದಲ್ಲಿ ಆಸೆ ಕಡಿದುಹೋಗಿರುತ್ತದೆ, ವಿಪ್ರಲಂಭದಲ್ಲಿ ಆಸೆ ಇನ್ನೂ ಇರುತ್ತದೆ. ಎಷ್ಟು ಚೊಕ್ಕ ಉತ್ತರ ನೋಡಿ. ಇವತ್ತಿನ ಯಾವ ಚಿತ್ರಕಥೆಯ ತರಗತಿಯಲ್ಲೂ ಇದಕ್ಕಿಂತ ಸರಳವಾಗಿ ಹೇಳಲು ಆಗಲಿಕ್ಕಿಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ನಮ್ಮ ಹಳೆಯ ಸಂಸ್ಕೃತ ನಾಟಕಗಳು ಅಗಲಿಸಿದವರನ್ನು ಕೊನೆಗೆ ಕೂಡಿಸಿಯೇ ಬಿಡುತ್ತವೆ. ಶಕುಂತಲೆಗೆ ದುಷ್ಯಂತ ಮತ್ತೆ ಸಿಗುತ್ತಾನೆ. ಸಿಹಿಕಹಿ ಸಿನಿಮಾ ಆ ಕೊನೆಯ ಕೂಡಿಕೆಯನ್ನು ಬಿಟ್ಟುಬಿಡುತ್ತದೆ.

ಹೊಂದದ ಜೋಡಿ

ಈಗ ನಮ್ಮ ಕಥೆಗೆ ಬರೋಣ. ಇಂಥ ಸಿನಿಮಾದ ಮೊದಲ ಕೆಲಸ, ನೋಡಿದ ಕೂಡಲೇ ‘ಇವರಿಬ್ಬರಿಗೆ ಎಲ್ಲಿಯ ಹೊಂದಾಣಿಕೆ’ ಅನ್ನಿಸುವ ಇಬ್ಬರನ್ನು ಹುಡುಕುವುದು.

ನಮ್ಮ ನಾಯಕಿ ನೀಲವ್ವ, ವಯಸ್ಸು 43. ಬ್ಯಾಡಗಿ ಹತ್ತಿರದ ಹಳ್ಳಿಯವಳು. ಗಂಡ ತೀರಿಹೋಗಿದ್ದಾನೆ, ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾಳೆ. ದಲಾಲಿ ಅಂಗಡಿಯೊಂದರಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸ. ಜೊತೆಗೆ ಇಪ್ಪತ್ತು ಹೆಣ್ಣುಮಕ್ಕಳ ಗುಂಪಿಗೆ ಅವಳೇ ಮುಂದಾಳು. ಕೂಲಿ ಮಾತಾಡುವುದು, ಜಗಳ ಆಡುವುದು, ಸಂಜೆ ದುಡ್ಡು ಹಂಚುವುದು ಎಲ್ಲ ಅವಳದೇ.

ನಾಯಕ ಜೋಸೆಫ್, ವಯಸ್ಸು 50. ಕೊಚ್ಚಿಯವನು. ಮೆಣಸಿನಕಾಯಿಯಿಂದ ಬಣ್ಣದ ಎಣ್ಣೆ ತೆಗೆಯುವ ಕಂಪನಿಗೆ ಮಾಲು ಆರಿಸಿ ಕೊಳ್ಳುವ ಕೆಲಸ. ಸೀಸನ್ ಶುರುವಾದಾಗ ಬರುತ್ತಾನೆ, ಮುಗಿದಾಗ ಹೋಗುತ್ತಾನೆ. ಕನ್ನಡ ಅಷ್ಟಕ್ಕಷ್ಟೇ.

ಬ್ಯಾಡಗಿಯನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಈ ಊರಿನ ಕೆಲಸವೇ ಅರ್ಧ ಕಥೆಯನ್ನು ಕೊಡುತ್ತದೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಒಣಗಿದರೆ ಮೈ ಸುಕ್ಕುಗಟ್ಟುತ್ತದೆ, ಕೆಂಪು ಮಾತ್ರ ಗಾಢವಾಗುತ್ತದೆ. ಆ ಕೆಂಪನ್ನು ಎಣ್ಣೆಯ ರೂಪದಲ್ಲಿ ತೆಗೆದು ತಿಂಡಿಗಳಿಗೂ ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. ಬಣ್ಣ ಎಷ್ಟಿದೆ ಅಂತ ‘ಆಸ್ಟಾ’ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಬಿಸಿಲು, ಶಾಖ ತಾಗಿದರೆ ಬಣ್ಣ ಇಳಿಯುತ್ತದೆ. ಅದಕ್ಕೇ ಅಲ್ಲಿ ಅಷ್ಟೊಂದು ಕೋಲ್ಡ್ ಸ್ಟೋರೇಜ್‌ಗಳಿವೆ.

ಜೋಸೆಫ್‌ಗೆ ಬಣ್ಣ ಅಂದರೆ ಲ್ಯಾಬಿನಿಂದ ಬರುವ ನಂಬರು. ನೀಲವ್ವನಿಗೆ ಬಣ್ಣ ಅಂದರೆ ಬೆರಳಿನ ತುದಿಗೆ ಹತ್ತಿ, ಎಷ್ಟು ತೊಳೆದರೂ ಹೋಗದ ಕೆಂಪು. ಒಂದೇ ವಸ್ತುವನ್ನು ಇಬ್ಬರೂ ಬೇರೆ ಬೇರೆ ಕಡೆಯಿಂದ ಬಲ್ಲವರು. ಹೊಂದದ ಜೋಡಿಯ ಗುಟ್ಟು ಇದರಲ್ಲೇ ಇದೆ. ಜಾತಿ, ಧರ್ಮ, ವಯಸ್ಸು, ದುಡ್ಡು ಬೇರೆ ಅಂದ ಮಾತ್ರಕ್ಕೆ ಸಾಲದು. ಒಬ್ಬರಿಗೆ ಗೊತ್ತಿಲ್ಲದ ಏನೋ ಒಂದು ಇನ್ನೊಬ್ಬರ ಹತ್ತಿರ ಇರಬೇಕು. ಇಲ್ಲದಿದ್ದರೆ ಅವರು ಯಾಕೆ ಮಾತಾಡುತ್ತಾರೆ?

ರಿತೇಶ್ ಬಾತ್ರಾ ಅವರ ‘ದಿ ಲಂಚ್‌ಬಾಕ್ಸ್’ (2013) ನೋಡಿದವರಿಗೆ ಇದು ನೆನಪಾಗಬಹುದು. ಮುಂಬೈನಲ್ಲಿ ಒಂದು ಊಟದ ಡಬ್ಬಿ ತಪ್ಪಿ ಬೇರೆಯವರ ಟೇಬಲ್ಲಿಗೆ ಹೋಗುತ್ತದೆ. ಡಬ್ಬಿ ಕಳಿಸಿದವಳು ಗಂಡನ ಗಮನಕ್ಕೆ ಹಂಬಲಿಸುವ ಗೃಹಿಣಿ. ಡಬ್ಬಿ ಸಿಕ್ಕಿದ್ದು ಹೆಂಡತಿ ತೀರಿಹೋದ, ನಿವೃತ್ತಿಯ ಹೊಸ್ತಿಲಲ್ಲಿರುವ ಗುಮಾಸ್ತನಿಗೆ. ಒಬ್ಬರಿಗೆ ಉಣಿಸುವ ಆಸೆ, ಇನ್ನೊಬ್ಬರಿಗೆ ಮನೆ ಊಟ ಸಿಕ್ಕು ವರ್ಷಗಳೇ ಆಗಿವೆ.

ಹತ್ತಿರ ತರುವ ಸಣ್ಣ ಕಾರಣ

ಇಬ್ಬರು ಸಿಕ್ಕರು. ಇನ್ನು ಅವರನ್ನು ಹತ್ತಿರ ತರಬೇಕು. ನಮ್ಮ ಸಿನಿಮಾಗಳು ಇದಕ್ಕೆ ಹಾಡನ್ನೋ ಫೈಟನ್ನೋ ಬಳಸುವುದು ರೂಢಿ. ಸಿಹಿಕಹಿ ಸಿನಿಮಾಕ್ಕೆ ಇನ್ನೂ ಸಣ್ಣ ಕಾರಣ ಬೇಕು. ಎಷ್ಟು ಸಣ್ಣದಿದ್ದರೆ ಅಷ್ಟು ನಂಬಿಕೆ ಬರುತ್ತದೆ.

ಡೇವಿಡ್ ಲೀನ್ ಅವರ ‘ಬ್ರೀಫ್ ಎನ್‌ಕೌಂಟರ್’ (1945) ಇದಕ್ಕೆ ಹೆಸರಾದ ಚಿತ್ರ. ಇಂಗ್ಲೆಂಡಿನ ಒಂದು ರೈಲ್ವೆ ಸ್ಟೇಷನ್. ಹಾದುಹೋಗುವ ರೈಲಿನಿಂದ ಹಾರಿದ ಕಣವೊಂದು ಲಾರಾ ಅನ್ನುವ ಗೃಹಿಣಿಯ ಕಣ್ಣಿಗೆ ಬೀಳುತ್ತದೆ. ಚಹಾದ ಅಂಗಡಿಯಲ್ಲಿದ್ದ ಅಲೆಕ್ ಅನ್ನುವ ಡಾಕ್ಟರು ಕರವಸ್ತ್ರದ ತುದಿಯಿಂದ ಅದನ್ನು ತೆಗೆಯುತ್ತಾನೆ. ಅಷ್ಟೇ. ಇಬ್ಬರಿಗೂ ಮದುವೆಯಾಗಿದೆ, ಮಕ್ಕಳಿದ್ದಾರೆ, ಇಬ್ಬರೂ ಮರ್ಯಾದಸ್ಥರು. ಮುಂದಿನದ್ದೆಲ್ಲ ಆ ಧೂಳಿನ ಕಣದಿಂದ ಬೆಳೆಯುತ್ತದೆ.

ಬ್ಯಾಡಗಿಯಲ್ಲಿ ಕಣ್ಣಿಗೆ ಬೀಳುವುದಕ್ಕೆ ರೈಲು ಬೇಕಿಲ್ಲ. ಸೀಸನ್ನಿನಲ್ಲಿ ಮಾರ್ಕೆಟ್ ಯಾರ್ಡಿಗೆ ಕಾಲಿಟ್ಟರೆ ಸಾಕು, ಘಾಟು ಮೂಗಿಗೆ ಹೊಡೆಯುತ್ತದೆ. ಹೊಸಬರು ಸೀನುತ್ತಾರೆ, ಕೆಮ್ಮುತ್ತಾರೆ, ಕಣ್ಣು ಉಜ್ಜಿಕೊಳ್ಳುತ್ತಾರೆ. ಜೋಸೆಫ್ ಖಾರದ ಕೈಯಲ್ಲೇ ಕಣ್ಣು ಉಜ್ಜಿಕೊಂಡ ಅಂತಿಟ್ಟುಕೊಳ್ಳಿ.

‘ಉಜ್ಜಬ್ಯಾಡ್ರೀ ಸಾಹೇಬ್ರ, ಇನ್ನೂ ಉರಿತೈತಿ. ತಣ್ಣೀರ್ ಹಾಕ್ಕೋರಿ’ ಅಂತ ನೀಲವ್ವ ತಂಬಿಗೆ ಮುಂದೆ ಹಿಡಿಯುತ್ತಾಳೆ. ಹಿಂದೆ ಕೂತ ಹೆಣ್ಣುಮಕ್ಕಳು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಾರೆ.

ಈ ಒಂದು ದೃಶ್ಯ ಮೂರು ಕೆಲಸ ಮಾಡಿತು. ಪರಿಚಯ ಆಯ್ತು. ಈ ಜಾಗದಲ್ಲಿ ಯಾರು ಬಲ್ಲವರು, ಯಾರು ಹೊಸಬರು ಅಂತ ಗೊತ್ತಾಯ್ತು. ಜೊತೆಗೆ ಒಂದು ವಿಷಯ ನಮ್ಮ ತಲೆಯಲ್ಲಿ ಕೂತಿತು: ಈ ಊರಲ್ಲಿ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ, ಯಾರೂ ಯಾಕೆ ಅಂತ ಕೇಳುವುದಿಲ್ಲ. ಈ ಮೂರನೆಯದನ್ನು ನಿರ್ದೇಶಕರು ಜೋಪಾನವಾಗಿ ಎತ್ತಿಡುತ್ತಾರೆ. ಕಥೆಯಲ್ಲಿ ಮತ್ತೆ ಮತ್ತೆ ಬಂದು ಪ್ರತಿ ಸಲ ಹೊಸ ಅರ್ಥ ಪಡೆಯುವ ಇಂಥ ವಸ್ತು ಅಥವಾ ಸಂಗತಿಗೆ ಸಿನಿಮಾದವರು ‘ಮೋಟಿಫ್’ ಅನ್ನುತ್ತಾರೆ.

ಎದುರಿಗೊಂದು ಗಡುವು

ಮುಂದಿನದು ಕಾಲ. ಎಷ್ಟು ದಿನ ಬೇಕಾದರೂ ಜೊತೆಗಿರಬಹುದು ಅಂತಾದರೆ ಪ್ರೇಕ್ಷಕರಿಗೆ ಆತಂಕ ಇರುವುದಿಲ್ಲ. ಹಾಗಾಗಿ ಕಥೆಗೆ ಒಂದು ಗಡುವು ಹಾಕುತ್ತಾರೆ. ವಿಲಿಯಂ ವೈಲರ್ ಅವರ ‘ರೋಮನ್ ಹಾಲಿಡೇ’ (1953) ಚಿತ್ರದಲ್ಲಿ ರಾಜಕುಮಾರಿ ಅರಮನೆಯ ಕಟ್ಟುಪಾಡಿನಿಂದ ತಪ್ಪಿಸಿಕೊಂಡು ರೋಮ್ ಸುತ್ತುತ್ತಾಳೆ. ಅವಳಿಗೆ ಸಿಗುವುದು ಬರೀ ಒಂದು ದಿನ.

ನಮ್ಮ ಕಥೆಗೆ ಗಡುವನ್ನು ಹೊರಗಿನಿಂದ ತರಬೇಕಿಲ್ಲ. ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್. ಆ ಎರಡು ದಿನ ಚೀಲಗಳು ಸಾಲಾಗಿ ಬಂದು ಬೀಳುತ್ತವೆ. ಚಳಿಗಾಲಕ್ಕೆ ಆವಕ ಏರುತ್ತದೆ, ಬೇಸಿಗೆ ಕಳೆಯುವ ಹೊತ್ತಿಗೆ ಇಳಿಯುತ್ತದೆ. ಪರದೆಯ ಮೇಲೆ ತಾರೀಖು ಬರೆಯುವ ಅಗತ್ಯವೇ ಇಲ್ಲ. ಅಂಗಳದಲ್ಲಿ ಕೆಂಪು ರಾಶಿ ಸಣ್ಣದಾಗುತ್ತಾ ಹೋದರೆ ಸಾಕು, ಜೋಸೆಫ್ ಹೊರಡುವ ದಿನ ಹತ್ತಿರ ಬಂತು ಅಂತ ನಮಗೆ ತಿಳಿಯುತ್ತದೆ.

ಬಾಯಿಬಿಟ್ಟು ಹೇಳದ ಮಾತು

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಇಂಥ ಸಿನಿಮಾದಲ್ಲಿ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅನ್ನುವ ಮಾತು ಬರುವುದೇ ಕಡಿಮೆ. ಪಾತ್ರಗಳು ರೇಟಿನ ಬಗ್ಗೆ, ಊಟದ ಬಗ್ಗೆ, ಬಸ್ಸಿನ ಟೈಮಿನ ಬಗ್ಗೆ ಮಾತಾಡುತ್ತಾರೆ. ಒಳಗಿನ ಮಾತು ಅದರ ಅಡಿಯಲ್ಲಿ ಹರಿಯುತ್ತಿರುತ್ತದೆ. ಅದನ್ನು ಪ್ರೇಕ್ಷಕರೇ ಕೇಳಿಸಿಕೊಳ್ಳಬೇಕು. ತಾನೇ ಕಂಡುಹಿಡಿದ ಮಾತು ಮನಸ್ಸಿಗೆ ಹತ್ತಿರ, ಅಲ್ವಾ?

ನಮ್ಮ ಕಡೆಯ ಮಾತಿಗೆ ಈ ಕೆಲಸದಲ್ಲಿ ದೊಡ್ಡ ಶಕ್ತಿ ಇದೆ. ಧಾರವಾಡದ ಕನ್ನಡದಲ್ಲಿ ‘ರೀ’ ಇಲ್ಲದೆ ಮಾತೇ ಮುಗಿಯುವುದಿಲ್ಲ. ‘ಹೌದ್ರಿ’, ‘ಇಲ್ರಿ’, ‘ಬರ್ರಿ’, ‘ಕೂಡ್ರಿ’. ಗೊತ್ತಿಲ್ಲದವರಿಗೂ ರೀ, ಗೊತ್ತಿರುವವರಿಗೂ ರೀ. ನೀಲವ್ವ ಮೊದಲ ದಿನದಿಂದ ಜೋಸೆಫ್‌ಗೆ ‘ಊಟಾ ಮಾಡ್ರಿ ಸಾಹೇಬ್ರ’ ಅನ್ನುತ್ತಾ ಬಂದಿದ್ದಾಳೆ. ಸಿನಿಮಾದ ಮುಕ್ಕಾಲು ಭಾಗ ಕಳೆದಿದೆ. ಒಂದು ದಿನ ಜ್ವರ ಬಂದು ಅವನು ಅಂಗಡಿಯ ಮೂಲೆಯಲ್ಲಿ ಕೂತಿದ್ದಾನೆ. ಅವಳು ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟು ‘ಉಣ್ಣು’ ಅನ್ನುತ್ತಾಳೆ. ರೀ ಬಿಟ್ಟುಹೋಗಿದೆ. ಅವಳಿಗೇ ಅದು ಗೊತ್ತಾಗಿ, ಕೂಡಲೇ ‘ಉಣ್ರಿ’ ಅಂತ ತಿದ್ದಿಕೊಳ್ಳುತ್ತಾಳೆ.

ಜೋಸೆಫ್‌ಗೆ ಕನ್ನಡ ಅಷ್ಟಾಗಿ ಬಾರದು, ಅವನಿಗೆ ಈ ವ್ಯತ್ಯಾಸ ತಿಳಿಯಿತೋ ಇಲ್ಲವೋ. ನೋಡುತ್ತಿರುವ ನಮಗೆ ತಿಳಿಯಿತು. ಕನ್ನಡ ಬಲ್ಲವರಿಗೆ ಮಾತ್ರ ದಕ್ಕುವ ದೃಶ್ಯ ಇದು. ಉತ್ತರ ಕರ್ನಾಟಕದ ಮಾತನ್ನು ಸಿನಿಮಾಗಳಲ್ಲಿ ಬಹಳ ಸಲ ನಗಿಸುವುದಕ್ಕಷ್ಟೇ ಬಳಸಿದ್ದಾರೆ. ಪ್ರೀತಿಯನ್ನು ಇಷ್ಟು ಸಣ್ಣ ಅಳತೆಯಲ್ಲಿ ತೋರಿಸಬಲ್ಲ ಮಾತನ್ನು ಬರೀ ಕಾಮಿಡಿಗೆ ಇಟ್ಟಿರುವುದು ನಮಗೇ ಆದ ನಷ್ಟ ಅಂತ ನನ್ನ ಅನಿಸಿಕೆ.

ಮಾತಿನ ಜೊತೆಗೆ ಚಿತ್ರಗಳ ಜೋಡಣೆಯೂ ಇದೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದರು. ನಟನೊಬ್ಬನ ಮುಖ, ಅದರಲ್ಲಿ ಯಾವ ಭಾವವೂ ಇಲ್ಲ. ಅದೇ ಮುಖದ ಪಕ್ಕ ಒಂದು ಸಲ ಸೂಪಿನ ಬಟ್ಟಲು, ಇನ್ನೊಂದು ಸಲ ಶವಪೆಟ್ಟಿಗೆ ಹೀಗೆ ಬೇರೆ ಬೇರೆ ಚಿತ್ರ ಜೋಡಿಸಿದರು. ನೋಡಿದವರಿಗೆ ಒಮ್ಮೆ ಆ ಮುಖದಲ್ಲಿ ಹಸಿವು ಕಂಡಿತಂತೆ, ಇನ್ನೊಮ್ಮೆ ದುಃಖ ಕಂಡಿತಂತೆ. ಮುಖ ಬದಲಾಗಿರಲಿಲ್ಲ, ಪಕ್ಕದ ಚಿತ್ರ ಬದಲಾಗಿತ್ತು. ಸಂಕಲನ ಅಥವಾ ಎಡಿಟಿಂಗ್ ಅನ್ನುವುದು ಇದನ್ನೇ. ನಮ್ಮ ಅಜ್ಜಿಯರು ಹಳೆಯ ಸೀರೆಯ ತುಂಡುಗಳನ್ನು ಇಟ್ಟು ಕೌದಿ ಹೊಲೆಯುವಾಗ ಯಾವ ಬಣ್ಣದ ಪಕ್ಕ ಯಾವುದು ಬಂದರೆ ಎದ್ದು ಕಾಣುತ್ತದೆ ಅಂತ ನೋಡುತ್ತಿದ್ದರಲ್ಲ, ಹಾಗೆ.

ನಮ್ಮ ಕಥೆಯಲ್ಲಿ ನೀಲವ್ವ ಸುಮ್ನೆ ತುಂಬು ಬಿಡಿಸುತ್ತಿದ್ದಾಳೆ. ಪಕ್ಕದಲ್ಲಿ ಜೋಸೆಫ್ ಚೀಲಕ್ಕೆ ಕೈಹಾಕುವ ಚಿತ್ರ ಬಂದರೆ ಅದು ಕೆಲಸದ ದೃಶ್ಯ. ಅವನ ಖಾಲಿ ಕುರ್ಚಿಯ ಚಿತ್ರ ಬಂದರೆ ಅದೇ ಮುಖ ಕಾಯುತ್ತಿರುವಂತೆ ಕಾಣುತ್ತದೆ. ನಟಿ ಹೊಸದಾಗಿ ಏನೂ ಮಾಡಬೇಕಿಲ್ಲ.

ಸಂಗೀತದ ಬಗ್ಗೆ ಒಂದೇ ಮಾತು. ಖುಷಿಯ ಹೊತ್ತಿನಲ್ಲಿ ಕೇಳಿಸಿದ ರಾಗವನ್ನು ಅಗಲುವ ಹೊತ್ತಿಗೆ ಮತ್ತೆ ತರುತ್ತಾರೆ, ಸ್ವಲ್ಪ ನಿಧಾನವಾಗಿ, ಕಡಿಮೆ ವಾದ್ಯಗಳಲ್ಲಿ. ಹಳೆಯ ಖುಷಿ ನೆನಪಾಗುವುದರಿಂದಲೇ ಈಗಿನ ನೋವು ಹೆಚ್ಚುತ್ತದೆ.

ಅಡ್ಡಿ ಎಲ್ಲಿಂದ ಬರಬೇಕು?

ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ.

ಪ್ರೇಮಕಥೆಯಲ್ಲಿ ಅಡ್ಡಿ ಬರುವುದಕ್ಕೆ ಎರಡು ದಾರಿ. ಒಂದು, ಹೊರಗಿನಿಂದ: ಅಪ್ಪ ಒಪ್ಪುವುದಿಲ್ಲ, ಊರು ಒಪ್ಪುವುದಿಲ್ಲ, ಕಾಯಿಲೆ ಬರುತ್ತದೆ, ಅಪಘಾತ ಆಗುತ್ತದೆ. ಇನ್ನೊಂದು, ಒಳಗಿನಿಂದ: ಆ ವ್ಯಕ್ತಿ ಪ್ರೀತಿಸುವ ಮತ್ತೊಂದು ಸಂಗತಿ ಈ ಪ್ರೀತಿಗೆ ಎದುರಾಗುತ್ತದೆ. ಹೊರಗಿನ ಅಡ್ಡಿ ಜೋಡಿಯನ್ನು ಮುರಿದರೆ ನಮಗೆ ಸಿಟ್ಟು ಬರುತ್ತದೆ. ಅದು ಬರಬೇಕಾದ ಸಿಟ್ಟೇ. ಜಾತಿ, ಧರ್ಮ, ಮರ್ಯಾದೆಯ ಹೆಸರಲ್ಲಿ ಮಕ್ಕಳನ್ನೇ ಕೊಂದ ಸುದ್ದಿಗಳನ್ನು ನಮ್ಮ ಸುತ್ತಲಿನ ಜಿಲ್ಲೆಗಳಿಂದಲೇ ಓದಿದ್ದೇವೆ. ಅದನ್ನು ಸಿಹಿಕಹಿ ಅಂತ ಯಾರೂ ಕರೆಯಲು ಆಗುವುದಿಲ್ಲ. ಅಂಥ ಕಥೆಯನ್ನು ಇಂಪಾದ ಹಾಡು ಹಾಕಿ ಸಿಹಿಕಹಿ ಮಾಡಲು ಹೋದರೆ ಅದು ಅನ್ಯಾಯ.

ಹಾಗಾಗಿ ಒಳ್ಳೆಯ ಸಿಹಿಕಹಿ ಸಿನಿಮಾ ಹೊರಗಿನ ಅಡ್ಡಿಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾ ಬರುತ್ತದೆ. ನೋಡುವವರು ಇದನ್ನು ಗಮನಿಸುವುದು ಕಡಿಮೆ.

ನಮ್ಮ ಕಥೆಯಲ್ಲಿ ಎಲ್ಲರೂ ಊಹಿಸುವ ಅಡ್ಡಿ ನೀಲವ್ವನ ಅತ್ತೆ. ಮಗ ಸತ್ತ ಮೇಲೆ ಸೊಸೆ ಬೇರೆ ಧರ್ಮದವನ ಜೊತೆ ಮಾತಾಡುತ್ತಾಳೆ ಅಂದರೆ ಮುದುಕಿ ರಂಪ ಮಾಡಬೇಕು. ಆದರೆ ನಾವು ಅವಳ ಬಾಯಲ್ಲಿ ಬೇರೆ ಮಾತು ಹಾಕೋಣ. ‘ನಾ ಎಷ್ಟು ದಿನಾ ಇರ್ತೀನಿ? ನಿನ್ನ ಜೀವಕ್ಕ ಒಪ್ಪಿದ್ರ ಹೋಗವಾ. ಮಂದಿ ನಾಕ್ ದಿನಾ ಮಾತಾಡ್ತಾರ, ಐದನೇ ದಿನಾ ಮರೀತಾರ.’

ಬಾಗಿಲು ತೆರೆಯಿತು. ಈಗ ಹೋಗಬಹುದು. ಆದರೂ ನೀಲವ್ವ ಹೋಗುವುದಿಲ್ಲ. ಯಾಕೆ?

ಇಪ್ಪತ್ತು ಹೆಣ್ಣುಮಕ್ಕಳ ಗುಂಪು ಅವಳ ಮೇಲೆ ನಿಂತಿದೆ. ಅವಳು ಕಟ್ಟಿದ ಗುಂಪು ಅದು. ಗಂಡ ಇದ್ದಾಗ ಅವಳು ಇಂಥವನ ಹೆಂಡತಿ, ಅದಕ್ಕೂ ಮೊದಲು ಇಂಥವರ ಮಗಳು. ಈಗ ಯಾರ್ಡಿನಲ್ಲಿ ‘ನೀಲವ್ವನ ಗುಂಪು’ ಅಂತಾರೆ. ಕೊಚ್ಚಿಗೆ ಹೋದರೆ ಮತ್ತೆ ಒಬ್ಬರ ಹೆಂಡತಿ ಆಗುತ್ತಾಳೆ, ಅದೂ ಭಾಷೆ ಬಾರದ ಊರಲ್ಲಿ. ಪ್ರೀತಿ ಸುಳ್ಳಲ್ಲ. ಈ ಹೆಸರೂ ಸುಳ್ಳಲ್ಲ.

ಹಾಗಾದರೆ ಜೋಸೆಫ್ ಇಲ್ಲೇ ಉಳಿಯಬಹುದಲ್ಲ? ಅವನಿಗೊಬ್ಬ ಮಗನಿದ್ದಾನೆ. ವಯಸ್ಸು ಇಪ್ಪತ್ತಾದರೂ ಮಗುವಿನ ಮನಸ್ಸು. ಮನೆ, ಶಾಲೆ, ದಿನದ ವೇಳೆ ಸ್ವಲ್ಪ ಬದಲಾದರೂ ಅವನಿಗೆ ತಡೆಯಲು ಆಗುವುದಿಲ್ಲ. ತಂದೆ ಸೀಸನ್ನಿಗೆ ದೂರ ಇರುವುದೇ ಅವನಿಗೆ ಕಷ್ಟ.

ನೋಡಿ, ಇಲ್ಲಿ ಖಳನಾಯಕ ಇಲ್ಲ. ಇಬ್ಬರೂ ಸರಿ. ಒಬ್ಬರು ಸರಿ, ಇನ್ನೊಬ್ಬರು ತಪ್ಪು ಅಂತಾದರೆ ನಾವು ಒಂದು ಪಕ್ಷ ಹಿಡಿದು ನಿರಾಳವಾಗುತ್ತೇವೆ. ಎರಡೂ ಸರಿಯಾದಾಗ ಆ ನೋವು ನಮ್ಮ ಜೊತೆ ಮನೆಗೆ ಬರುತ್ತದೆ. ‘ರೋಮನ್ ಹಾಲಿಡೇ’ಯ ರಾಜಕುಮಾರಿಯನ್ನು ಯಾರೂ ಎಳೆದುಕೊಂಡು ಹೋಗುವುದಿಲ್ಲ. ತನ್ನ ದೇಶದ ಜವಾಬ್ದಾರಿ ತನ್ನದೇ ಅಂತ ಅವಳೇ ವಾಪಸ್ ಹೋಗುತ್ತಾಳೆ. ಅವಳ ಕಥೆ ಬರೆದು ದುಡ್ಡು ಮಾಡಬೇಕು ಅಂತ ಬಂದಿದ್ದ ಪತ್ರಕರ್ತ ಆ ಸುದ್ದಿಯನ್ನೇ ಬಿಟ್ಟುಬಿಡುತ್ತಾನೆ. ಇಬ್ಬರೂ ತಾವಾಗಿಯೇ ಒಂದೊಂದು ಕಳೆದುಕೊಳ್ಳುತ್ತಾರೆ.

ಹಾಗಾಗಿ ‘ಕೂಡಿಸಿದ್ರ ಏನಾಗ್ತಿತ್ತು’ ಅನ್ನುವ ಪ್ರಶ್ನೆಗೆ ಉತ್ತರ: ಕೂಡಿಸಬಹುದಿತ್ತು, ಆದರೆ ಆಗ ಇಬ್ಬರಲ್ಲಿ ಒಬ್ಬರು ನಾವು ಇಷ್ಟಪಟ್ಟ ವ್ಯಕ್ತಿಯಾಗಿ ಉಳಿಯುತ್ತಿರಲಿಲ್ಲ. ಇಪ್ಪತ್ತು ಜನರನ್ನು ಬಿಟ್ಟು ಹೋಗುವ ನೀಲವ್ವ ಬೇರೆಯೇ ನೀಲವ್ವ. ಮಗನನ್ನು ಬಿಟ್ಟು ಬರುವ ಜೋಸೆಫ್‌ನನ್ನು ಅವಳು ಮೊದಲು ಮೆಚ್ಚುತ್ತಲೇ ಇರಲಿಲ್ಲ.

ಅಗಲುವ ದೃಶ್ಯ

ಅಗಲುವ ದೃಶ್ಯ ಬರೆಯುವುದು ಬಹಳ ಕಷ್ಟ. ಪಾತ್ರಗಳು ತಬ್ಬಿಕೊಂಡು ಅತ್ತು, ಎಲ್ಲವನ್ನೂ ಹೇಳಿಬಿಟ್ಟರೆ ಪ್ರೇಕ್ಷಕರಿಗೆ ಮಾಡಲು ಏನೂ ಉಳಿಯುವುದಿಲ್ಲ.

‘ಬ್ರೀಫ್ ಎನ್‌ಕೌಂಟರ್’ ಇದನ್ನು ಮಾಡಿದ ರೀತಿ ನೋಡಿ. ಸಿನಿಮಾದ ಶುರುವಿನಲ್ಲೇ ಸ್ಟೇಷನ್ನಿನ ಚಹಾದಂಗಡಿಯಲ್ಲಿ ಇಬ್ಬರು ಕೂತಿರುತ್ತಾರೆ. ಪರಿಚಯದ ಹೆಂಗಸೊಬ್ಬಳು ಬಂದು ಅದೂ ಇದೂ ಹರಟುತ್ತಾಳೆ. ಗಂಡಸು ಎದ್ದು, ಜೊತೆಗಿದ್ದವಳ ಹೆಗಲನ್ನು ಒಮ್ಮೆ ಒತ್ತಿ ಹೊರಟುಹೋಗುತ್ತಾನೆ. ನಮಗೆ ಏನೂ ಅನ್ನಿಸುವುದಿಲ್ಲ. ಆಮೇಲೆ ಇಡೀ ಕಥೆ ಲಾರಾಳ ನೆನಪಿನಲ್ಲಿ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಅದೇ ದೃಶ್ಯ ಮತ್ತೆ ಬರುತ್ತದೆ. ಅಲೆಕ್ ಆಫ್ರಿಕಾಕ್ಕೆ ಹೊರಟಿದ್ದಾನೆ, ಇದು ಅವರ ಕೊನೆಯ ಭೇಟಿ, ಉಳಿದಿರುವುದು ಕೆಲವೇ ನಿಮಿಷ. ಆ ನಿಮಿಷಗಳನ್ನೂ ಹರಟೆಯ ಹೆಂಗಸು ನುಂಗಿಬಿಟ್ಟಿದ್ದಾಳೆ. ವಿದಾಯ ಹೇಳಲೂ ಆಗದೆ ಅವನು ಹೆಗಲು ಒತ್ತಿ ಹೋಗುತ್ತಾನೆ. ಕೈ ಅದೇ, ಹೆಗಲು ಅದೇ. ಮೊದಲ ಸಲ ಸುಮ್ಮನೆ ಕೂತಿದ್ದ ನಮಗೆ ಎರಡನೇ ಸಲ ಗಂಟಲು ಕಟ್ಟುತ್ತದೆ. ತೆರೆಯ ಮೇಲೆ ಬದಲಾದದ್ದು ಏನೂ ಇಲ್ಲ. ನಮಗೆ ಗೊತ್ತಿರುವುದು ಬದಲಾಗಿದೆ.

ಬ್ಯಾಡಗಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲೂ ಹಾಗೇ ಮಾಡಬಹುದು. ದಲಾಲಿ ಅಂಗಡಿಯ ಮಾಲಕರು ಜೋಸೆಫ್‌ನನ್ನು ಕಳಿಸಲು ಬಂದಿದ್ದಾರೆ. ಮುಂದಿನ ವರ್ಷದ ಮಳೆ, ಬಾಕಿ ಲೆಕ್ಕ ಅಂತ ಅವರ ಮಾತು ನಿಲ್ಲುವುದಿಲ್ಲ. ಬುತ್ತಿ ಹಿಡಿದು ನಿಂತ ನೀಲವ್ವನ ಕಣ್ಣು ತುಂಬಿದೆ. ಮಾಲಕರು ನೋಡಿ ‘ಯಾಕವಾ, ಕಣ್ಣಾಗ ಖಾರ ಬಿತ್ತೇನ?’ ಅಂತ ಕೇಳುತ್ತಾರೆ. ‘ಹೌದ್ರಿ’ ಅನ್ನುತ್ತಾಳೆ. ಎತ್ತಿಟ್ಟಿದ್ದ ಮೋಟಿಫ್ ಕೆಲಸಕ್ಕೆ ಬಂತು. ಅವಳ ಕೈಯಲ್ಲಿ ಇವತ್ತು ಖಾರ ಇಲ್ಲ ಅಂತ ಗೊತ್ತಿರುವುದು ಜೋಸೆಫ್‌ಗೂ ನಮಗೂ ಮಾತ್ರ.

ಇನ್ನು ಕೆಲವು ಸಿನಿಮಾಗಳು ಕೊನೆಯನ್ನು ತೆರೆದೇ ಇಡುತ್ತವೆ. ‘ದಿ ಲಂಚ್‌ಬಾಕ್ಸ್’ನ ಇಬ್ಬರೂ ಕೊನೆಗೆ ಭೇಟಿಯಾದರೋ ಇಲ್ಲವೋ ಅಂತ ಸಿನಿಮಾ ತೋರಿಸುವುದೇ ಇಲ್ಲ. ಕೆಲವರಿಗೆ ಇದು ಅರ್ಧಕ್ಕೆ ಬಿಟ್ಟ ಹಾಗೆ ಅನ್ನಿಸುತ್ತದೆ. ಭರತ ಹೇಳಿದ ಆಸೆಯನ್ನು ಉಳಿಸುವ ದಾರಿ ಇದು. ಕತ್ತರಿಸದೆ ಬಿಟ್ಟಿದ್ದಾರೆ.

ಸಿಹಿ ಎಲ್ಲಿದೆ?

ಕಹಿ ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತದೆ. ಸಿಹಿಯನ್ನು ಹುಡುಕಬೇಕು. ಜೋಡಿ ಮುರಿದ ಮೇಲೂ ಇಬ್ಬರ ಕೈಯಲ್ಲಿ ಏನೋ ಉಳಿದಿರಬೇಕು, ಅದೂ ಇನ್ನೊಬ್ಬರಿಂದ ಬಂದದ್ದಾಗಿರಬೇಕು. ಏನೂ ಉಳಿಯದಿದ್ದರೆ ಅವರು ಭೇಟಿಯಾಗದೇ ಇದ್ದರೂ ನಡೆಯುತ್ತಿತ್ತು.

ನೀಲವ್ವನಿಗೆ ಜೋಸೆಫ್ ಆಸ್ಟಾ ಅಂದರೇನು ಅಂತ ಹೇಳಿಕೊಟ್ಟಿದ್ದಾನೆ. ಯಾವ ಕಾಯಿಗೆ ಕಂಪನಿಗಳು ಜಾಸ್ತಿ ದುಡ್ಡು ಕೊಡುತ್ತವೆ, ಯಾಕೆ ಕೊಡುತ್ತವೆ ಅಂತ ಅವಳಿಗೆ ಈಗ ಗೊತ್ತು. ಬಣ್ಣ ನೋಡಿ ಕಾಯಿಯನ್ನು ಬೇರೆ ಮಾಡಿ ಕೊಟ್ಟರೆ ಗುಂಪಿಗೆ ಹೆಚ್ಚಿನ ಕೂಲಿ ಕೊಡಬೇಕು ಅಂತ ಅವಳು ಪಟ್ಟುಹಿಡಿಯಬಹುದು. ಜೋಸೆಫ್‌ಗೆ ಅವಳು ಕೊಟ್ಟದ್ದೇನು? ಅವನು ಮಗನ ಬಗ್ಗೆ ಯಾರಿಗೂ ಹೇಳದೆ ಇದ್ದವನು. ಅವಳ ಮುಂದೆ ಹೇಳಿಕೊಂಡ. ಕೊಚ್ಚಿಗೆ ಹೋದ ಮೇಲೆ ಮಗನನ್ನು ಮೊದಲ ಸಲ ತನ್ನ ಆಫೀಸಿಗೆ ಕರೆದುಕೊಂಡು ಹೋಗುತ್ತಾನೆ.

‘ಮುಂಗಾರು ಮಳೆ’ಯಲ್ಲೂ ಇಂಥದ್ದೊಂದು ಇದೆ. ಶುರುವಿನಲ್ಲಿ ಯಾವ ಜವಾಬ್ದಾರಿಯೂ ಇಲ್ಲದೆ ತಿರುಗುವ ಹುಡುಗ, ಕೊನೆಗೆ ಇನ್ನೊಬ್ಬರ ಮನೆಯ ನೆಮ್ಮದಿಗಾಗಿ ತನ್ನ ಆಸೆ ಬಿಡುವಷ್ಟು ಬೆಳೆದಿರುತ್ತಾನೆ. ಹುಡುಗಿಯ ಅಭಿಪ್ರಾಯವನ್ನು ಅವನು ಸರಿಯಾಗಿ ಕೇಳಿದನಾ ಅನ್ನುವ ತಕರಾರು ಇವತ್ತಿನ ಪ್ರೇಕ್ಷಕರಲ್ಲಿ ಇದೆ. ಅದು ನ್ಯಾಯವಾದ ತಕರಾರು. ಒಬ್ಬರೇ ಇಬ್ಬರ ಪರವಾಗಿ ತೀರ್ಮಾನ ಮಾಡಿ ಅದಕ್ಕೆ ತ್ಯಾಗ ಅಂತ ಹೆಸರಿಟ್ಟರೆ ಇನ್ನೊಬ್ಬರ ಪಾಲಿಗೆ ಅದು ಹೊರಗಿನ ಅಡ್ಡಿಯೇ ಆಗುತ್ತದೆ. ಅದಕ್ಕಾಗಿಯೇ ನಮ್ಮ ಬ್ಯಾಡಗಿ ಕಥೆಯಲ್ಲಿ ಇಬ್ಬರೂ ಕೂತು ಮಾತಾಡುವ ಒಂದು ದೃಶ್ಯ ಬೇಕೇ ಬೇಕು. ಮಾತು ತಡವರಿಸಲಿ, ಅರ್ಧ ಕನ್ನಡ ಅರ್ಧ ಮಲಯಾಳ ಆಗಲಿ, ಪರವಾಗಿಲ್ಲ. ನೀಲವ್ವನಿಗೆ ಮಗನ ವಿಷಯ, ಜೋಸೆಫ್‌ಗೆ ಗುಂಪಿನ ವಿಷಯ ಗೊತ್ತಿರಬೇಕು.

ಬಲವಂತದ ಕಣ್ಣೀರು

ಅಳು ತರಿಸುವ ಎಲ್ಲ ಸಿನಿಮಾವೂ ಸಿಹಿಕಹಿ ಆಗುವುದಿಲ್ಲ. ಕೊನೆಯ ಹದಿನೈದು ನಿಮಿಷಕ್ಕೆ ಇದ್ದಕ್ಕಿದ್ದಂತೆ ಕ್ಯಾನ್ಸರ್ ಬರುತ್ತದೆ. ಲಾರಿ ಬಂದು ಗುದ್ದುತ್ತದೆ. ಅಲ್ಲಿಯವರೆಗೆ ಕಥೆಯಲ್ಲಿ ಅದರ ಸುಳಿವೇ ಇರಲಿಲ್ಲ. ಸಾವು ಕಂಡರೆ ಮನುಷ್ಯರಿಗೆ ಅಳು ಬಂದೇ ಬರುತ್ತದೆ, ಅದು ಸಿನಿಮಾದ ಗೆಲುವಲ್ಲ. ಮನೆಗೆ ಬಂದು ಊಟ ಮಾಡುವ ಹೊತ್ತಿಗೆ ಅದು ಮರೆತುಹೋಗಿರುತ್ತದೆ.

ಮುಂದಿನ ಸಲ ಇಂಥ ಸಿನಿಮಾಕ್ಕೆ ಹೋದಾಗ ಇಂಟರ್‌ವಲ್‌ನಲ್ಲಿ ಪಕ್ಕದವರನ್ನು ಒಂದು ಮಾತು ಕೇಳಿ ನೋಡಿ: ಇವರಿಬ್ಬರು ಕೂಡಿದರೆ ಅವಳು ಏನು ಕಳೆದುಕೊಳ್ಳುತ್ತಾಳೆ, ಅವನು ಏನು ಕಳೆದುಕೊಳ್ಳುತ್ತಾನೆ? ಒಳ್ಳೆಯ ಚಿತ್ರವಾದರೆ ಆ ಹೊತ್ತಿಗೆ ಎರಡಕ್ಕೂ ಉತ್ತರದ ಬೀಜ ಬಿದ್ದಿರುತ್ತದೆ. ಬ್ಯಾಡಗಿ ಕಥೆಯಲ್ಲಾದರೆ ಇಂಟರ್‌ವಲ್‌ಗೆ ಮೊದಲೇ ನೀಲವ್ವ ಗುಂಪಿನ ಕೂಲಿಗಾಗಿ ಜಗಳ ಆಡಿ ಗೆದ್ದಿರಬೇಕು. ಜೋಸೆಫ್ ದಿನಾ ಸಂಜೆ ಒಂದೇ ಟೈಮಿಗೆ ಯಾರಿಗೋ ಫೋನ್ ಮಾಡುವುದನ್ನು ನಾವು ನೋಡಿರಬೇಕು. ಫೋನಿನ ಆ ಕಡೆ ಯಾರು ಅಂತ ತಿಳಿಯುವುದು ಎರಡನೇ ಅರ್ಧಕ್ಕೆ ಇರಲಿ.